ಹಳೇದು ಮುಂದೆ, ಹೊಸದು ಹಿಂದೆ

ದಾನದ ಮೇಲೆ ನಡೆಯುವ ಆ ಆಶ್ರಯದ ಮನೆಯಲ್ಲಿದ್ದವರು ಎಂಟು ಮಂದಿ. ಮೈ ಬೆಳೆದಿತ್ತು, ತಲೆ ನರೆತಿತ್ತು, ಬುದ್ಧಿ ಮಾತ್ರ ಎಳೆಯದಾಗಿಯೇ ಉಳಿದಿತ್ತು. ಅವರಿಗೆ ಬೇಯಿಸಿ ಹಾಕುವವಳು ಅಡುಗೆಯಕ್ಕ. ಅವಳು ಗದರಿದರೆ ಒಲೆ ಮೇಲಿನ ಹಾಲೂ ಉಕ್ಕಲು ಹೆದರುತ್ತದೆ ಎಂದು ಆಯಾ ನಗುತ್ತಿದ್ದಳು.

ಆ ಎಂಟು ಮಂದಿಯಲ್ಲಿ ಅವಳ ಬಾಯಿಗೆ ಹೆದರದವನು ಬೀಗದಣ್ಣ ಒಬ್ಬನೇ. ಉಗ್ರಾಣದ ಬೀಗದ ಕೈ ದಾರಕ್ಕೆ ಕಟ್ಟಿ ಅವನ ಕೊರಳಲ್ಲಿ ನೇತಾಡುತ್ತಿತ್ತು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಐವತ್ತು ದಾಟಿದ್ದ ಆ ಮನುಷ್ಯನ ಕೈಗೆ ಹುಟ್ಟಿದಾಗಿನಿಂದ ಯಾರೂ ಏನನ್ನೂ ನಂಬಿ ಕೊಟ್ಟಿರಲಿಲ್ಲ. ಕೊಟ್ಟವಳು ಅಡುಗೆಯಕ್ಕನೇ. ಓದು ಬಾರದವನಿಗೆ ತಿಂಗಳುಗಟ್ಟಲೆ ಬೈದು, ಮುದ್ದು ಮಾಡಿ ಕಲಿಸಿದ್ದಳು. ಹಳೇದು ಮುಂದೆ, ಹೊಸದು ಹಿಂದೆ. ಡಬ್ಬಿಯ ನೆತ್ತಿಯನ್ನು ಹೆಬ್ಬೆರಳಿಂದ ಒತ್ತಬೇಕು. ಉಬ್ಬಿದ್ದು, ನೆಗ್ಗಿದ್ದು, ತುಕ್ಕು ಹಿಡಿದದ್ದು, ಇಲಿ ಬಾಯಿ ಹಾಕಿದ ಪೊಟ್ಟಣ ಎಲ್ಲ ಕೆಂಪು ಬಕೆಟ್ಟಿಗೆ. ನೆಲದ ಮೇಲೆ ಏನೂ ಇಡಬಾರದು. ಬೆಳಗಾದರೆ ಅದನ್ನೇ ಹಾಡಿನಂತೆ ಗುನುಗುತ್ತ ಅವನು ಕಪಾಟುಗಳ ನಡುವೆ ಓಡಾಡುತ್ತಿದ್ದ.

ಮಗಳ ಬಾಣಂತನಕ್ಕೆಂದು ಅಡುಗೆಯಕ್ಕ ಮೂರು ತಿಂಗಳು ರಜೆ ಹಾಕಿ ಹೋದಳು. ತಿರುಗಿ ಬಂದಾಗ ಬೀಗದಣ್ಣನ ಕೊರಳು ಬೋಳಾಗಿತ್ತು. ಊಟಕ್ಕೆ ದಿನಾ ಅವನ ಪಕ್ಕ ಕೂರುತ್ತಿದ್ದ ಪುಟ್ಟಕ್ಕ ಕೆಟ್ಟ ಡಬ್ಬಿಯ ಕಾಳು ತಿಂದು, ಆಸ್ಪತ್ರೆ ಸೇರಿ, ಕಡ್ಡಿಯಾಗಿ ಬಂದು ಮಲಗಿದ್ದಳು.

"ತಪಾಸಣೆಯವರು ಬಂದಿದ್ರು ಅಕ್ಕಾ," ಎಂದಳು ಆಯಾ. "ಉಗ್ರಾಣ ನೋಡ್ಕೊಳ್ಳೋನು ಇವನೇ, ಹಿಂದು ಮುಂದು ಮಾಡಿಟ್ಟಿದ್ದಾನೆ ಅಂದ್ಬಿಟ್ರು ಮ್ಯಾನೇಜರು. ಎಲ್ಲರೆದುರು ನಿಲ್ಲಿಸಿ ದಾರ ಕತ್ತರಿಸಿದ್ರು."

"ಇವನು ಹಿಂದು ಮುಂದು ಮಾಡ್ತಾನಾ? ನಿನ್ನ ನಾಲಿಗೆ ಬಿದ್ದುಹೋಗಿತ್ತಾ?"

"ನಂಗೂ ಹೊಟ್ಟೆ ಇದೆಯಲ್ಲಕ್ಕಾ."

ಆಮೇಲೆ ಎಲ್ಲ ಹೊರಗೆ ಬಂತು. ದಾನ ಕೊಡುವವರು ಬಂದ ದಿನ, ಅವರ ಹೊಸ ಡಬ್ಬಿಗಳು ಫೋಟೋದಲ್ಲಿ ಹೊಳೆಯಲಿ ಎಂದು ಮ್ಯಾನೇಜರನೇ ನಿಂತು ಎಲ್ಲವನ್ನೂ ಮುಂದಕ್ಕೆ ಜೋಡಿಸಿದ್ದ. ಬೀಗದಣ್ಣ ಅತ್ತು ರಂಪ ಮಾಡಿದರೆ ಕೈಗೆ ಬಿಸ್ಕತ್ತು ಕೊಟ್ಟು ಹೊರಗೆ ಕೂರಿಸಿದ್ದ. ಇನ್ನೊಂದು ತಂಡ ಬರುತ್ತದೆ, ಜೋಡಿಸಿದ್ದನ್ನು ಬದಲಿಸಕೂಡದು ಎಂದಿದ್ದ. ಅಡುಗೆಗೆ ಮುಂದಿದ್ದ ಹೊಸವೇ ಹೋಗಿ ಮುಗಿದವು. ಹಿಂದಿದ್ದ ಒಂದು ಹಳೇ ಡಬ್ಬಿ ಉಬ್ಬಿದೆಯಲ್ಲ ಎಂದು, ಆಗ ಅಡುಗೆ ನೋಡಿಕೊಳ್ಳುತ್ತಿದ್ದ ಆಯಾ ತೋರಿಸಿದರೆ, ಚೆನ್ನಾಗಿ ಬೇಯಿಸು, ದಾನದ್ದು ಬಿಸಾಕಬಾರದು ಎಂದಿದ್ದ.

ಅಡುಗೆಯಕ್ಕ ಸೌಟು ಹಿಡಿದುಕೊಂಡೇ ಮ್ಯಾನೇಜರನ ಕೋಣೆಗೆ ನುಗ್ಗಿದಳು.

"ಕೂತ್ಕೊಳಮ್ಮಾ," ಎಂದ ಅವನು. "ಮೊಮ್ಮಗು ಹೇಗಿದೆ?"

"ಮೊಮ್ಮಗು ಹಾಗಿರಲಿ. ನೀವು ಮಾಡಿದ್ದನ್ನ ಅವನ ತಲೆಗೆ ಕಟ್ಟಿದ್ರಲ್ಲ, ಊಟ ಹೇಗೆ ಇಳಿಯುತ್ತೆ ನಿಮಗೆ?"

ಅವನು ಸಿಟ್ಟಾಗಲಿಲ್ಲ. ದನಿ ತಗ್ಗಿಸಿದ. "ನನ್ನ ಮೇಲೆ ಬಂದಿದ್ರೆ ಮನೆಯೇ ಮುಚ್ಚಿರೋದು. ಅವನಿಗೇನು ನಷ್ಟ ಹೇಳು? ಕೆಲಸ ಹೋಗುತ್ತಾ, ಮಾನ ಹೋಗುತ್ತಾ?"

"ಮಾನ ನಿಮಗೊಬ್ಬರಿಗೇ ಗುತ್ತಿಗೆ ಕೊಟ್ಟಿದ್ದಾರಾ? ಬೀಗದ ಕೈ ಕೊಡಿ. ಇಲ್ಲಾಂದ್ರೆ ತಪಾಸಣೆಯವರ ಬಾಗಿಲಿಗೆ ನಾನೇ ಹೋಗ್ತೀನಿ."

ಅವನು ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಎಸೆದ. "ತಗೋ. ಇಷ್ಟಕ್ಕೆ ಇಷ್ಟೊಂದು ಕೂಗಾಟ."

ಗೆದ್ದೆನೆಂದುಕೊಂಡು ಅವಳು ಹೊಸ ದಾರ ಹುಡುಕಿ ಪೋಣಿಸಿದಳು. ಬೀಗದಣ್ಣ ಉಗ್ರಾಣದ ಹೊಸ್ತಿಲಾಚೆ ಗೋಡೆಗೊರಗಿ ನಿಂತಿದ್ದ. ಕೊರಳಿಗೆ ಹಾಕಲು ಹೋದರೆ ತಲೆ ಹಿಂದಕ್ಕೆಳೆದುಕೊಂಡ. ಎರಡೂ ಕೈ ಬೆನ್ನ ಹಿಂದೆ ಹೋದವು.

"ಬೇಡ. ನಾನು ಪುಟ್ಟಕ್ಕಂಗೆ ವಿಷ ಹಾಕ್ದೆ."

"ನೀನಲ್ಲ ಕಣೋ ಪೆದ್ದ. ಅವರು ಸುಳ್ಳು ಹೇಳಿದ್ರು."

"ಮ್ಯಾನೇಜರ್ ಸಾರು ದೊಡ್ಡೋರು. ದೊಡ್ಡೋರು ಹೇಳಿದ್ದು ಕೇಳ್ಬೇಕು. ಎದುರು ಮಾತಾಡ್ಬಾರ್ದು. ನೀನೇ ಹೇಳ್ಕೊಟ್ಟಿದ್ದು ಅಕ್ಕಾ."

ಹೌದು, ಹೇಳಿಕೊಟ್ಟಿದ್ದಳು. ಮ್ಯಾನೇಜರನ ಬೈಗುಳ ತಪ್ಪಲಿ ಎಂದು, ಹಾಳಾದ್ದು ಅದನ್ನೂ ಚೆನ್ನಾಗಿಯೇ ಕಲಿಸಿದ್ದಳು.

ಅಂದಿನಿಂದ ಡಬ್ಬಿಗಳನ್ನು ಅವಳೇ ಒತ್ತಿ ನೋಡುತ್ತಾಳೆ. ಬೀಗದಣ್ಣ ಹೊಸ್ತಿಲು ದಾಟುವುದಿಲ್ಲ, ಗುನುಗುವುದೂ ಇಲ್ಲ. ಊಟಕ್ಕೆ ಕೂತಾಗ ಮಾತ್ರ ಪುಟ್ಟಕ್ಕನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಂದು ತುತ್ತು ತಿಂದು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕಾಯುತ್ತಾನೆ. ತನಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ತಟ್ಟೆ ಅವಳ ಮುಂದೆ ಹೋಗುವುದು. ಅಷ್ಟರಲ್ಲಿ ಅನ್ನ ತಣ್ಣಗಾಗಿರುತ್ತದೆ.

ಹೋದ ವಾರ ದಾನದವರ ಇನ್ನೊಂದು ತಂಡ ಬಂತು. ಮ್ಯಾನೇಜರ್ ಅವರನ್ನು ಊಟದ ಮನೆಯ ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ ಹೇಳಿದ:

"ನೋಡಿ, ಎಷ್ಟು ಪ್ರೀತಿ. ಒಂದೇ ತಟ್ಟೇಲಿ ಹಂಚ್ಕೊಂಡು ತಿಂತಾರೆ."

ರೇಷ್ಮೆ ಸೀರೆಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಫೋಟೋ ತೆಗೆಯಬಹುದೇ ಎಂದು ಅಡುಗೆಯಕ್ಕನನ್ನು ಕೇಳಿದಳು.