ಓರೆ ಹನ್ನೆರಡು

ವರ್ನಾ ಶವಪೆಟ್ಟಿಗೆಯ ಮೇಲೆ ಬಗ್ಗಿ ಗಂಡನ ಕೈಗಡಿಯಾರ ಬಿಚ್ಚುತ್ತಿದ್ದಳು. ಬೆಲ್ಟು ಎಷ್ಟು ಎಳೆದರೂ ಬರಲೊಲ್ಲದು. ಬದುಕಿದ್ದ ತನಕ ಒಂದು ಮಾತೂ ಕೇಳದ ಮನುಷ್ಯ, ಇವನ ಬೆಲ್ಟು ಮಾತ್ರ ಕೇಳುತ್ತದೆಯೇ ಎಂದು ಅವಳಿಗೆ ಮೈ ಉರಿಯಿತು.

"ಬಿಡಮ್ಮ. ಆಗಲೇ ಜನ ಬಂದು ಚರ್ಚ್ ತುಂಬಿದೆ," ಎಂದಳು ಮಗಳು ಲೋಯಿಸ್.

"ತುಂಬಲಿ. ಊರವರ ಗಡಿಯಾರ ಎಲ್ಲಾ ಸರಿ ಮಾಡಿದೋನು ತಾನು ಸೊಟ್ಟ ಗಡಿಯಾರ ಕಟ್ಕೊಂಡು ಮಣ್ಣಿಗೆ ಹೋಗೋದು ನಂಗೆ ಬೇಡ. ರಾಯ್ ಗ್ರಾಫ್ ಹೊರಗಿದ್ದಾನೆ, ಹೋಗಿ ಕರಿ."

"ಅಪ್ಪ ಅವರ ಜೊತೆ ಮಾತೇ ಬಿಟ್ಟಿದ್ರಲ್ಲ."

"ಈಗ ನಮ್ಮೆಲ್ಲರ ಜೊತೆಗೂ ಬಿಟ್ಟಿದ್ದಾನೆ. ಹೋಗು."

ಕೊನೆಗೂ ಬೆಲ್ಟು ಸಡಿಲವಾಯಿತು. ಗಡಿಯಾರದಲ್ಲಿ ಹನ್ನೆರಡರ ಅಂಕಿ ಎಂದಿನಂತೆ ಒಂದರ ಜಾಗದಲ್ಲಿ ಕೂತಿತ್ತು. ನೆತ್ತಿಯ ಮೇಲೆ ಹನ್ನೊಂದು. ಪೆಟ್ಟಿಗೆ ಮುಚ್ಚುವುದರೊಳಗೆ ಇದೊಂದು ನೆಟ್ಟಗಾಗಬೇಕು, ವರ್ನಾಳಿಗೆ ಬೇರೇನೂ ಬೇಕಿರಲಿಲ್ಲ.

*

ಆ ಡಯಲ್ ಬರೆದವಳು ವರ್ನಾಳೇ. ಮದುವೆಗೆ ಮುಂಚೆ ಅವಳು ಲ್ಯಾಂಕಾಸ್ಟರಿನ ಗಡಿಯಾರ ಕಾರ್ಖಾನೆಯಲ್ಲಿ ಡಯಲಿಗೆ ಬಣ್ಣ ಹಾಕುತ್ತಿದ್ದಳು. ಗಂಡ ಎಲ್ವುಡ್ ಸ್ಟೌಫರ್ ಆಗ ಅಲ್ಲೇ ಯಂತ್ರ ಜೋಡಿಸುವವನು. ನಿಶ್ಚಿತಾರ್ಥದ ಉಡುಗೊರೆಯೆಂದು ಒಂದು ಡಯಲಿನ ಮೇಲೆ ಹನ್ನೆರಡು ಅಂಕಿಗಳನ್ನೂ ಕೈಯಾರೆ ಬರೆದು ಕೊಟ್ಟಿದ್ದಳು. ಎಂಟರ ಹೊಟ್ಟೆ ಕೊಂಚ ದಪ್ಪವಾಗಿತ್ತು. ಅದನ್ನು ಆಡಿಕೊಂಡು ಅವನು ನಕ್ಕಿದ್ದೂ ಆಗಿತ್ತು.

ಕಾರ್ಖಾನೆ ಮುಚ್ಚಿದ ಮೇಲೆ ಎಲ್ವುಡ್, ಅವನ ಜೊತೆ ಕೆಲಸಕ್ಕಿದ್ದ ರಾಯ್ ಇಬ್ಬರೂ ಸೇರಿ ರಿಪೇರಿ ಅಂಗಡಿ ಇಟ್ಟರು. ಅಷ್ಟರಲ್ಲಿ ಎಲ್ವುಡ್‌ನ ಗಡಿಯಾರದ ಯಂತ್ರ ಸವೆದುಹೋಗಿ ಬೇರೆ ಯಂತ್ರ ಹಾಕಬೇಕಾಯಿತು. ಡಯಲಿನ ಬೆನ್ನಿಗೆ ಎರಡು ಪುಟ್ಟ ತಾಮ್ರದ ಕಾಲುಗಳಿರುತ್ತವೆ. ಅವು ಯಂತ್ರದ ತೂತಿನಲ್ಲಿ ಕೂತರೆ ಡಯಲ್ ಅಲುಗಾಡುವುದಿಲ್ಲ. ಹೊಸ ಯಂತ್ರದ ತೂತುಗಳು ಬೇರೆ ಕಡೆ ಇದ್ದವು. ಎಲ್ವುಡ್ ಹಳೆಯ ಕಾಲುಗಳನ್ನು ಕತ್ತರಿಸಿದ. ಹೊಸ ಕಾಲು ಬೆಸೆಯುವ ತನಕ ಹೀಗೇ ಇರಲಿ ಎಂದು ಕವಚದ ಒತ್ತಡದಲ್ಲೇ ಡಯಲನ್ನು ಕೂರಿಸಿದ. ಬೆಸೆಯುವ ದಿನ ಮಾತ್ರ ಬರಲೇ ಇಲ್ಲ. ನೆಟ್ಟಗೆ ಇಟ್ಟಷ್ಟೂ ಡಯಲ್ ಜಾರಿ ಒಂದೇ ಕಡೆ ಓರೆಯಾಗಿ ನಿಲ್ಲುತ್ತಿತ್ತು. ಅವನೂ ಸಾಕಾಗಿ ಮುಳ್ಳುಗಳನ್ನು ಆ ಓರೆಗೇ ಹೊಂದಿಸಿಬಿಟ್ಟ.

ದಿನಾ ತಿಂಡಿಯ ಹೊತ್ತಿಗೆ ವರ್ನಾ ಬೈಯುವಳು. ಅವನು ಮೊಟ್ಟೆ ತಿನ್ನುತ್ತಾ, ಟೈಮ್ ಸರಿಯಾಗಿಯೇ ಇದೆ, ನೀನು ಸ್ವಲ್ಪ ತಲೆ ವಾಲಿಸು ಎನ್ನುವನು. ಊರೂ ಹಾಗೇ ಕಲಿಯಿತು. ಎಲ್ವುಡ್ ಕೈ ಚಾಚಿದರೆ ಪಾದ್ರಿಯೂ ಬಲಕ್ಕೆ ತಲೆ ವಾಲಿಸಿ ಗಂಟೆ ನೋಡುತ್ತಿದ್ದ.

ಅಂಟಿನ ಜಗಳ ಬಂದಿದ್ದೂ ಆಗಲೇ. ಕಾಲಿಲ್ಲದ ಒಂದು ಡಯಲನ್ನು ರಾಯ್ ಬೇಳೆಗಿಂತ ಸಣ್ಣ ಎರಡು ಅಂಟುಬಿಲ್ಲೆ ಇಟ್ಟು ಕೂರಿಸಿದ್ದ. ಎಲ್ವುಡ್ ಗಿರಾಕಿಯ ಎದುರೇ ಅದನ್ನು ಕಿತ್ತು ತೆಗೆದ. "ಅಂಟಿಸೋಕೆ ನಾವೇನು ಲಕೋಟೆ ಮಾರ್ತಿದ್ದೀವಾ?" ಎಂದ. ರಾಯ್ ತನ್ನ ಸಾಮಾನು ಎತ್ತಿಕೊಂಡು ಹೋಗಿ ಎದುರು ಸಾಲಿನಲ್ಲಿ ಅಂಗಡಿ ತೆರೆದ. ಇಬ್ಬರೂ ಗಾಜಿನಾಚೆಯಿಂದ ಒಬ್ಬರನ್ನೊಬ್ಬರು ನೋಡುತ್ತಲೇ ಮುದುಕರಾದರು.

*

ಚರ್ಚಿನ ಪಕ್ಕದ ಕೋಣೆಯಲ್ಲಿ ಒಣದ್ರಾಕ್ಷಿ ಪೈಗಳ ತಟ್ಟೆ ಸರಿಸಿ ರಾಯ್ ಜಾಗ ಮಾಡಿಕೊಂಡ. ಆ ಕಡೆ ಸಾವಿನ ಊಟಕ್ಕೆ ಆ ಪೈ ಇರದಿದ್ದರೆ ಸತ್ತವನಿಗೇ ಅವಮಾನ. ರಿಪೇರಿ ಸಾಮಾನು ರಾಯ್‌ನ ಕಾರಿನಲ್ಲಿ ಯಾವಾಗಲೂ ಇರುತ್ತಿತ್ತು. ಕವಚ ತೆಗೆದು, ಮುಳ್ಳು ಕಿತ್ತು, ಡಯಲನ್ನು ಮಗುಚಿದ. ಕಾಲುಗಳಿದ್ದ ಜಾಗವನ್ನು ಎಲ್ವುಡ್ ನುಣ್ಣಗೆ ಅರ ಹಾಕಿಟ್ಟಿದ್ದ.

"ಕಾಲು ಬೆಸೆಯೋದು ಅವನಿಗೆ ಬರ್ತಿರಲಿಲ್ವಾ?" ವರ್ನಾ ಕೇಳಿದಳು.

"ನಂಗೆ ಕಲಿಸಿದ್ದೇ ಅವನು. ಆದರೆ ಬೆಸೆಯೋಕೆ ಡಯಲಿನ ಬೆನ್ನಿಗೆ ಬೆಂಕಿ ಹಿಡಿದ್ರೆ ಮುಂಭಾಗದ ಬಣ್ಣ ಗುಳ್ಳೆ ಏಳುತ್ತೆ, ವರ್ನಾ. ನೀನು ಬರೆದಿದ್ದು ಹೋಗಿಬಿಡ್ತಿತ್ತು."

"ಒಂದು ಮಾತು ಹೇಳಿದ್ರೆ ಒಂದೇ ಸಂಜೇಲಿ ಇನ್ನೊಂದು ಬರೆದು ಕೊಡ್ತಿದ್ದೆ."

"ನಾನೂ ಅದನ್ನೇ ಹೇಳಿದ್ದೆ, ನಮ್ಮ ಜಗಳಕ್ಕೆ ಮುಂಚೆ."

"ಏನಂದ?"

"ಅದು ಬೇರೆ ಆಗುತ್ತಲ್ಲ, ಅಂದ."

ವರ್ನಾಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ದಿನಾ ಬೆಳಿಗ್ಗೆ ಬೈಸಿಕೊಂಡನಲ್ಲ, ಒಂದು ದಿನವಾದರೂ ಬಾಯಿ ಬಿಡಬಾರದಿತ್ತೇ ಎಂದು ರಾಯ್ ಮೇಲೆ ಹರಿಹಾಯ್ದಳು. ರಾಯ್ ಅಂಟುಬಿಲ್ಲೆಗಳ ಡಬ್ಬಿ ತೆಗೆದ.

"ಅಂಟಿಸಿದ್ರೆ ನೆಟ್ಟಗೆ ನಿಲ್ಲುತ್ತೆ. ಆದರೆ ಅವನು ಒಪ್ತಿರಲಿಲ್ಲ," ಎಂದ.

"ಕೇಳ್ತಿರೋದು ಅವನನ್ನೋ, ನನ್ನನ್ನೋ? ಅಂಟಿಸು."

ರಾಯ್ ಎರಡು ಬಿಲ್ಲೆ ಇಟ್ಟು, ಹನ್ನೆರಡನ್ನು ನೆತ್ತಿಗೆ ತಂದು ಹೆಬ್ಬೆರಳಿನಿಂದ ಒತ್ತಿದ. ಇನ್ನು ಅಲುಗಾಡುವುದಿಲ್ಲ ಎಂದ. ಮುಳ್ಳು ಕೂರಿಸಿ, ಗಂಟೆ ಹೊಂದಿಸಿ, ತಾನೇ ಹೋಗಿ ಹಳೆಯ ಪಾಲುದಾರನ ಕೈಗೆ ಕಟ್ಟಿದ.

ಜನ ಸಾಲಾಗಿ ಬಂದರು. ಹಾಲಿನವನು ಪೆಟ್ಟಿಗೆಯ ಬಳಿ ನಿಂತು ಟೋಪಿ ತೆಗೆದು, ಗಡಿಯಾರ ನೋಡಿ ತಲೆ ಬಲಕ್ಕೆ ವಾಲಿಸಿದ. ಗಲಿಬಿಲಿಯಾಗಿ ಮತ್ತೆ ನೆಟ್ಟಗಾದ. ಹಿಂದಿನವಳೂ ವಾಲಿಸಿದಳು. ಪಾದ್ರಿಯೂ ವಾಲಿಸಿದ. ಇವರಿಗೆಲ್ಲ ಕಣ್ಣಿಲ್ಲವೇ, ನೆಟ್ಟಗಿರುವುದು ಕಾಣುವುದಿಲ್ಲವೇ ಎಂದು ವರ್ನಾ ಒಳಗೇ ಕುದಿಯುತ್ತಿದ್ದಳು.

ಮುಚ್ಚಳ ಹಾಕುವ ಮುನ್ನ ಕೊನೆಯದಾಗಿ ಅವಳೇ ಬಂದು ನಿಂತಳು. ದಪ್ಪ ಹೊಟ್ಟೆಯ ಎಂಟು ತನ್ನ ಜಾಗದಲ್ಲಿತ್ತು, ಹನ್ನೆರಡು ನೆತ್ತಿಯಲ್ಲಿತ್ತು. ಅಷ್ಟು ವರ್ಷ ಬೇಡಿದ್ದು ಕಣ್ಣೆದುರಿಗಿತ್ತು. ಆದರೂ ಅದು ಯಾರದೋ ಕೈ ಅನ್ನಿಸಿತು. ಆಮೇಲೆ ಅವಳಿಗೆ ಗೊತ್ತಾಯಿತು, ತನ್ನ ತಲೆಯೂ ಬಲಕ್ಕೆ ವಾಲಿತ್ತು.

"ಅಮ್ಮ, ಮುಚ್ಚಬೇಕಂತೆ," ಎಂದಳು ಲೋಯಿಸ್.

"ತಡಿ," ಎಂದು ವರ್ನಾ ಬಗ್ಗಿ, ಗಂಡನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹನ್ನೆರಡು ತನ್ನ ಹಳೆಯ ಜಾಗಕ್ಕೆ ಬರುವ ತನಕ ಎದೆಯ ಮೇಲೆ ಮೆಲ್ಲಗೆ ಓರೆ ಮಾಡಿದಳು.