ಗೋಕಾಕ ಕೋಟೆ ಬಿದ್ದ ಬಗೆ

1998ರ ರಾಜ್ಯೋತ್ಸವಕ್ಕೆ ನಾವು ವಿಲಾಯಿತಿಯ ಕನ್ನಡಿಗರು ಆಡಿದ ನಾಟಕದಲ್ಲಿ ನನ್ನ ಪಾತ್ರ ಕೋಟೆಯದು. ಹೇಸ್ ಊರಿನ ಒಂದು ಗೋದಾಮಿನಿಂದ ಫ್ರಿಜ್ಜಿನ ಖಾಲಿ ಡಬ್ಬಗಳನ್ನು ತಂದು, ಕತ್ತರಿಸಿ, ಬಣ್ಣ ಹಚ್ಚಿ ಗೋಕಾಕ ಕೋಟೆ ಮಾಡಿದ್ದೆ. ಅದು ತಾನಾಗಿ ನಿಲ್ಲುತ್ತಿರಲಿಲ್ಲ. ಹೌನ್ಸ್ಲೋದ ಬಾಡಿಗೆ ಹಾಲ್‌ನಲ್ಲಿ ನಾಟಕ ಮುಗಿಯುವ ತನಕ ಅದರ ಹಿಂದೆ ಎರಡೂ ಕೈ ಚಾಚಿ ನಿಲ್ಲುವುದು ನನ್ನ ಕರ್ಮ.

ರಾಣಿಯ ಪಾತ್ರ ನನ್ನ ಹೆಂಡತಿ ಗಿರಿಜಾದೇವಿಯದು. ಅವಳ ತವರು ಸೂಡಿ. ಒಂಬೈನೂರೈವತ್ತು ವರ್ಷದ ಹಿಂದೆ ಆ ಸೀಮೆಯನ್ನು ಆಳಿದವಳು ಚಾಲುಕ್ಯರ ಅಕ್ಕಾದೇವಿ. ತಾನೇ ದಂಡು ಕಟ್ಟಿಕೊಂಡು ಹೋಗಿ ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ. ಗಿರಿಜಾ ಅವಳ ಬಗ್ಗೆ ಸ್ವಂತ ಸೋದರತ್ತೆಯೆಂಬಂತೆ ಮಾತಾಡುತ್ತಾಳೆ. ನಮ್ಮ ಹತ್ತು ವರ್ಷದ ಮಗಳು ಸೃಷ್ಟಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ.

"ಡಿಡ್ ಶೀ ವಿನ್, ಮಮ್?" ಎಂದು ಕೇಳಿದ್ದಳು.

"ನೋಡಾಕ ಬಾ" ಎಂದಿದ್ದಳು ಗಿರಿಜಾ. ಆ ಸಂಜೆ ಮಗಳ ಕಣ್ಣಮುಂದೆ ರಾಣಿ ಗೆಲ್ಲಲೇಬೇಕಿತ್ತು. ಇಲ್ಲವಾದರೆ ನಮ್ಮ ಊರು, ನಮ್ಮ ಮಾತು ಎಲ್ಲವೂ ಹುಡುಗಿಗೆ ಬರೀ ಅಮ್ಮನ ಬೊಗಳೆಯಾಗುತ್ತದೆಂದು ಅವಳಿಗೆ ನಿಜಕ್ಕೂ ಹೆದರಿಕೆಯಿತ್ತು.

ಎಡವಟ್ಟಾದದ್ದು ಕೋಟೆಯ ದಳಪತಿಯ ಪಾತ್ರಕ್ಕೆ ಶಶಿಧರನನ್ನು ಹಾಕಿದ್ದರಲ್ಲಿ. ಅವನು ಅಪ್ಪಟ ಗೋಕಾಕದವನು. ಮೂರು ವಾರದ ತಾಲೀಮಿನಲ್ಲಿ ಸಭ್ಯನಾಗಿ ಸೋತವನು, ಊರಿಂದ ಬಂದ ತನ್ನ ಅವ್ವ ನಾಗವ್ವ ಮುಂದಿನ ಸಾಲಿನಲ್ಲಿ ಕೂತದ್ದನ್ನು ಕಂಡಿದ್ದೇ ತಡ, ಎದೆ ಉಬ್ಬಿಸಿಬಿಟ್ಟ.

"ಬಾಗಿಲು ತೆರೆ, ದಳಪತಿ!" ಗಿರಿಜಾ ಗುಡುಗಿದಳು.

"ತಗಿಯಂಗಿಲ್ಲ! ಶಾಸನದಾಗ ಮುತ್ತಿಗಿ ಹಾಕಿದ್ಲು ಅಂತಷ್ಟ ಐತಿ. ಗೆದ್ಲು ಅಂತ ಎಲ್ಲೈತ್ರೀ, ವೈನಿ?"

ಸಭೆ ಘೊಳ್ಳೆಂದು ನಕ್ಕಿತು. ಗಿರಿಜಾ ಸಿಟ್ಟಿನಿಂದ ಕತ್ತಿ ಬೀಸಿದಳು. ಏಟು ರಟ್ಟಿನಾಚೆ ಇದ್ದ ನನ್ನ ಮೊಣಕೈಗೆ ಬಿತ್ತು. ಕೋಟೆ "ಯಪ್ಪಾ!" ಎಂದಿತು. ಸೃಷ್ಟಿ ನಾಚಿ ತಲೆ ತಗ್ಗಿಸಿದ್ದು ಕಿಂಡಿಯಿಂದ ನನಗೆ ಕಂಡಿತು. ಗಿರಿಜಾಗೂ ಕಂಡಿರಬೇಕು.

ಅವಳು ಕತ್ತಿ ಕೆಳಗಿಟ್ಟಳು. ಸೆರಗನ್ನು ಮುಂದೆ ಚಾಚಿ ಹಿಡಿದು, ದಳಪತಿಯನ್ನು ಬಿಟ್ಟು ನೇರ ನಾಗವ್ವನ ಕಡೆ ತಿರುಗಿದಳು. "ಯವ್ವಾ, ಬಾಗಲಿಗೆ ಬಂದ ಹೆಣ್ಣಮಗಳನ್ನ ಗೋಕಾಕದಾಗ ಉಡಿ ತುಂಬದ ಹಂಗ ಕಳಸ್ತೀರೇನು?"

ನಾಗವ್ವ ಎದ್ದೇಬಿಟ್ಟರು. ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕಾಯಿ ಹಾಕದೆ ಬರಿಗೈಯಲ್ಲಿ ಕಳಿಸಿದ ಅಪವಾದ ಅವರ ಮನೆತನಕ್ಕೆ ಎಂದೂ ಬಂದದ್ದಲ್ಲ.

"ಏ ಶಶ್ಯಾ! ಬಾಗಲಾ ತಗಿಯೋ, ನಾಚಿಗಿಲ್ಲದವನ!"

ಶಶಿಧರ ತೆಪ್ಪಗೆ ತೆರೆದ. ಪೂಜೆಗಿಟ್ಟಿದ್ದ ಅಕ್ಕಿ, ತೆಂಗಿನಕಾಯಿ ಎತ್ತಿಕೊಂಡು ನಾಗವ್ವ ವೇದಿಕೆ ಹತ್ತಿ, ಶತ್ರುರಾಣಿಗೆ ಕೋಟೆಯೊಳಗೇ ಉಡಿ ತುಂಬಿದರು. ಹಿಂದಿನಿಂದ ದಂಡೂ ನುಗ್ಗಿತು. ಖುಷಿ ತಡೆಯದೆ ನಾನೂ ಚಪ್ಪಾಳೆ ತಟ್ಟಿದೆ. ಎರಡೂ ಕೈ ಬಿಟ್ಟದ್ದರಿಂದ ಕೋಟೆ ಎಲ್ಲರ ತಲೆಯ ಮೇಲೆ ಬಿತ್ತು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಸೃಷ್ಟಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು. ಗಿರಿಜಾ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಸಪ್ಪಗೆ ಕೂತಿದ್ದಳು.

ಮರುದಿನ ಬೆಳಗ್ಗೆ ನಾನು ಪೇಪರ್ ಹಿಡಿದು ಬಾತ್‌ರೂಮಿನಲ್ಲಿ ಆರಾಮಾಗಿ ಕೂತಿದ್ದೆ. ಯಾರೋ ಬಾಗಿಲನ್ನು ಧಡಧಡ ಬಡಿದರು.

"ಪಪ್ಪಾ, ಬಾಗಲಾ ತಗೀರಿ! ಬಾಗಲಿಗೆ ಬಂದ ಹೆಣ್ಣಮಗಳನ್ನ ಹಿಂಗ ನಿಲ್ಲಸ್ತಾರೇನು?"

ಸೃಷ್ಟಿ! ಕನ್ನಡ! ಅಡುಗೆಮನೆಯಲ್ಲಿ ಗಿರಿಜಾಳ ಕೈಯಿಂದ ಲಟ್ಟಣಿಗೆ ಜಾರಿ ಬಿದ್ದ ಸದ್ದು ಕೇಳಿಸಿತು. ಲುಂಗಿ ಬಿಗಿದುಕೊಂಡು ಬಾಗಿಲು ತೆರೆದೆ, ಎರಡೂ ಕೈ ಮೇಲೆತ್ತಿ ಶರಣಾದೆ.