ಪ್ರಾಕ್ಸಿಗೆ ಕೊಟ್ಟ ಹೆಸರು

ಬಿಳಿ ಅಕ್ಷರಗಳು ಸರಸರನೆ ಮೇಲೆ ಸರಿಯುತ್ತಿವೆ, ಪರೀಕ್ಷೆಯ ಸಾಫ್ಟ್‌ವೇರ್ ಇಳಿಯುತ್ತಿದೆ, ನಲವತ್ತು ಶೇಕಡಾ, ಐವತ್ತು, ಬೆಳಿಗ್ಗೆಯಿಂದ ಬಾರದ ನೆಟ್ ಕೊನೆಗೂ ಈ ಕಪ್ಪು ಪರದೆಗೆ ಬಂತು, ಬಂತ್ರಿ ಮೇಡಮ್ಮಾರ ಬಂತ್ರಿ ಎಂದು ಸಂಪದಾ ಹಿಂದಿನ ಬೆಂಚಿನಿಂದ ಕೂಗುತ್ತಾಳೆ, ನಾಳೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡುವ ಹುಡುಗಿ, ಅವಳಿಗೆ ಖುಷಿ, ಬ್ರೌಸರಿನಲ್ಲಿ ನೆಟ್ ಸುಮ್ಮನೆ ಬರುತ್ತದೆ, ಟರ್ಮಿನಲ್ಲಿಗೆ, ಆಜ್ಞೆ ಟೈಪಿಸುವ ಈ ಕಪ್ಪು ಪರದೆಗೆ ಮಾತ್ರ, ಕಾಲೇಜಿನ ನೆಟ್ಟಿನ ಬಾಗಿಲು ಕಾಯುವ ಪ್ರಾಕ್ಸಿ ಎಲ್ಲಿದೆ, ಕೇಳುತ್ತಿರುವವರು ಯಾರು ಎಂದು ಬೇರೆಯಾಗಿ ಬರೆದುಕೊಡಬೇಕು, ಸರ್ವರ್ ಕೋಣೆಯ ಸಂತೋಷಕುಮಾರ ಫೋನಿನಲ್ಲಿ ನಕ್ಕ, ನಿಮ್ಮ ಹೆಸರು ನಿಮ್ಮ ಪಾಸ್‌ವರ್ಡ್ ಹಾಕ್ರಿ ಮೇಡಮ್ಮಾರ, ನಂದು ಕೊಟ್ರ ನನ್ನ ನೌಕರಿ ಹೋಗತೈತಿ, ಹಾಕಿದೆ, ಬ್ರೌಸರಾದರೆ ಪಾಸ್‌ವರ್ಡಿನ ಮೇಲೆ ಚುಕ್ಕೆ ಇಟ್ಟು ಮುಚ್ಚುತ್ತದೆ, ಇಲ್ಲಿ ಮುಚ್ಚುವುದಿಲ್ಲ, ಸರ್ವರಿನ ವಿಳಾಸಕ್ಕೂ ಮೊದಲು ನನ್ನ ಹೆಸರು, ವಂದನಾ, ಅದಕ್ಕೆ ಅಂಟಿಕೊಂಡು ಆ ಎಂಟು ಅಕ್ಷರ, ಬೆತ್ತಲೆಯಾಗಿ, ಎರಡು ಸಲ ಪೋರ್ಟ್ ನಂಬರು ತಪ್ಪಿತು, ಮೂರನೆಯ ಸಲ ಸರಿಯಾಯಿತು.

ಅದೇ ಪಾಸ್‌ವರ್ಡ್ ನನ್ನ ಇ-ಮೇಲಿಗೂ ಇದೆ, ಬೇರೆ ಬೇರೆ ಇಟ್ಟರೆ ಬರೆದಿಡಬೇಕು, ಬರೆದಿಟ್ಟರೆ ನಮ್ಮ ಮನೆಯವರು ಪರ್ಸು ಹುಡುಕುತ್ತಾರೆ, ಗಂಡ ಹೆಂಡತಿ ನಡುವ ಎಂಥಾ ಮುಚ್ಚುಮರಿ ವಂದನಾ, ಹೇಳು ಏನದ ಪಾಸ್‌ವರ್ಡು, ಸುಳ್ಳೊಂದು ಹೇಳಿದ್ದೆ, ಬದಲಿಸೋಣವೆಂದರೆ ಒಟಿಪಿ ಸಂದೇಶ ಹೋಗುವುದು ಅವರ ಫೋನಿಗೆ, ಇ-ಮೇಲಿನೊಳಗೆ ಹುನಗುಂದದ ವಕೀಲಮ್ಮ ಬರೆದ ಆರು ಪತ್ರ, ಇಳಕಲ್ಲಿನಲ್ಲಿ ನೋಡಿಟ್ಟ ಕೋಣೆ, ಮನೆ ಬಿಡುವ ಸೋಮವಾರ, ಇನ್ನು ನಾಲ್ಕೇ ದಿನ, ಹೋದ ವರ್ಷ ಬಾದಾಮಿಗೆ, ತವರಿಗೆ, ಹೋಗಿ ಬರುತ್ತೇನೆ ಎಂದಿದ್ದಕ್ಕೆ ಮಲಗುವ ಕೋಣೆಗೆ ಹೊರಗಿನಿಂದ ಕೀಲಿ ಬಿತ್ತು, ಎರಡು ದಿನ, ಅತ್ತೆ ಕಿಟಕಿಯಿಂದ ನೀರು ಕೊಟ್ಟರು, ಹನ್ನೊಂದಕ್ಕೆ ಅವರದೇ ಕ್ಲಾಸು, ಇದೇ ಕುರ್ಚಿ, ಇದೇ ಕಂಪ್ಯೂಟರು, ವಿದ್ಯಾಗಿರಿಯಲ್ಲಿ ಇಷ್ಟು ಕಾಲೇಜು ಇರುವಾಗ ಇಬ್ಬರಿಗೂ ಒಂದೇ ಕಾಲೇಜು, ಡೌನ್‌ಲೋಡು ಮುಗಿಯಿತು, ಕ್ಲಿಯರ್ ಹೊಡೆದೆ, ಪರದೆ ತೊಳೆದಂತೆ ಖಾಲಿ, ಉಸಿರು ಬಿಡು, ಖಾಲಿ.

ಆತಿಲ್ಲ ನಿಂದು, ಏಳು. ಬಾಗಿಲಲ್ಲಿ ಅವರು, ಮಿಲಿಂದ ಸರ್, ಹುಡುಗಿಯರು ಎದ್ದು ನಿಲ್ಲುತ್ತಾರೆ, ಸರ್ ಮೇಡಮ್ಮಾರು ಟರ್ಮಿನಲ್ಲಿಗೂ ನೆಟ್ ತಂದ್ರರಿ ಎನ್ನುತ್ತಾಳೆ ಸಂಪದಾ, ಬಾಯಿ ಮುಚ್ಚೇ ತಾಯಿ ಎನ್ನುತ್ತೇನೆ ಒಳಗೊಳಗೇ, ಹೌದಾ, ನಮ್ಮ ಮೇಡಮ್ಮಾರು ಭಾಳ ಶ್ಯಾಣ್ಯಾ ಆಗ್ಯಾರಲ್ಲ ಎನ್ನುತ್ತಾರೆ ಅವರು, ಹುಡುಗಿಯರು ನಗುತ್ತಾರೆ, ನಾನೂ ನಗುತ್ತೇನೆ, ಇನ್ನೊಂದು ಐದು ಮಿನಿಟ್ ರೀ, ನಾನ ಎಲ್ಲಾ ಹಚ್ಚಿ ಕೊಡ್ತೇನಿ, ಯಾಕ, ನನಗ ಬರೂದಿಲ್ಲೇನು, ಸರಿ ಅತ್ಲಾಗ, ಕೂತರು, ಕುರ್ಚಿ ಕಿರುಗುಟ್ಟಿತು, ಹ್ಯಾಂಗ ತಂದಿ, ಏನ್ ಹೊಡದಿ, ಮರತೇನ್ರಿ, ಇರ್ಲಿ ತಡಿ, ನೀ ಹೊಡದದ್ದು ಇದರಾಗ ಇರ್ತದಲ್ಲ — ಇರುತ್ತದೆ, ಅಯ್ಯೋ, ಕ್ಲಿಯರ್ ಪರದೆಯನ್ನಷ್ಟೇ ಒರೆಸುತ್ತದೆ, ಮೇಲ್ಬಾಣದ ಕೀಲಿ ಒತ್ತಿದರೆ ಹೊಡೆದ ಸಾಲು ಒಂದೊಂದಾಗಿ ಹಿಂದಿನಿಂದ ಎದ್ದು ಬರುತ್ತದೆ, ವರ್ಷಗಟ್ಟಲೆ ಮಕ್ಕಳಿಗೆ ನಾನೇ ಕಲಿಸಿದ್ದು, ಅವರ ತೋರುಬೆರಳು, ಉಂಗುರವಿರುವ ಬೆರಳು, ಮೇಲ್ಬಾಣದ ಮೇಲೆ, ಒತ್ತಿತು, ಕ್ಲಿಯರ್ ಎಂದು ಬಂತು, ಬೆರಳು ಎದ್ದಿತು, ಒತ್ತಿತು, ಡೌನ್‌ಲೋಡಿನ ಸಾಲು, ಇನ್ನೊಂದೇ, ಅದರ ಹಿಂದೆ ನಾನು, ನನ್ನ ಆ ಎಂಟು ಅಕ್ಷರ, ಬೆರಳು ಎದ್ದಿತು, ಉಂಗುರ ಹೊಳೆಯಿತು, ಬೆರಳು —